ಸುತ್ತು ಕೂಡದ ಶುಕ್ರವಾರ

"ಸಹಿ ಹಾಕುವುದಿಲ್ಲ," ಎಂದರು ಲಿಯೊನೆಲ್ ಪಿಂಟೊ.

ಧ್ವನಿ ಏರಿರಲಿಲ್ಲ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರಿಗೆ ಉತ್ತರ ತಪ್ಪೆಂದು ಹೇಳುವ ಹಾಗೆ ಹೇಳಿದರು.

ಶಾಲೆಯ ಆಡಳಿತಾಧಿಕಾರಿ ನಾರ್ಬರ್ಟ್ ಕಾಗದವನ್ನು ಮೇಜಿನ ಮೇಲೆ ಇನ್ನೂ ಸ್ವಲ್ಪ ಮುಂದಕ್ಕೆ ಸರಿಸಿದ. ಅಬುಧಾಬಿಯ ಹೊರವಲಯದ ಬನಿಯಾಸಿನ ಆ ಬಾಡಿಗೆ ಕೋಣೆಯಲ್ಲಿ ಏಸಿ ಓಡುತ್ತಿದ್ದರೂ ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಸರ್, ನಿಮ್ಮ ಒಳ್ಳೇದಕ್ಕೇ ಹೇಳುವುದು. ಅಜಾಗರೂಕತೆ ಅಂತ ಒಂದು ಮಾತು ಒಪ್ಪಿಕೊಳ್ಳಿ. ಮ್ಯಾನೇಜ್‌ಮೆಂಟ್‌ನವರು ಪೊಲೀಸರ ಹತ್ತಿರ ಮಾತಾಡ್ತಾರೆ. ಪಾಸ್‌ಪೋರ್ಟ್ ವಾಪಸ್, ಊರಿಗೆ ಟಿಕೆಟ್. ಖಲಾಸ್."

"ಮತ್ತೆ?"

"ಮತ್ತೆ ಎಂತ? ವೀಸಾ ಕ್ಯಾನ್ಸಲ್ ಆಗ್ತದೆ. ಇನ್ನು ಪಾಠ ಮಾಫಿ, ಎಲ್ಲಿಯೂ ಮಾಡ್ಲಿಕ್ಕೆ ಇಲ್ಲ. ಅಷ್ಟೇ."

"ಅಷ್ಟೇ," ಎಂದು ಲಿಯೊನೆಲ್ ಅವನ ಮಾತನ್ನೇ ಹಿಂದಕ್ಕೆ ಕೊಟ್ಟರು. ಅರ್ಧ ಕುಡಿದ ಚಹಾದ ಗ್ಲಾಸನ್ನು ಎತ್ತಿ, ಸಹಿ ಹಾಕಬೇಕಾದ ಜಾಗದ ಮೇಲೆಯೇ ಇಟ್ಟರು. "ಬೆಂಕಿ ಹಚ್ಚಿದವನು ನಾನಲ್ಲ. ಬೇಜವಾಬ್ದಾರಿ ಮಾಡಿದವನೂ ನಾನಲ್ಲ. ಇದನ್ನು ಬೇಕಾದರೆ ಟೈಪ್ ಮಾಡಿಸಿಕೊಂಡು ಬನ್ನಿ, ಈಗಲೇ ಸಹಿ ಹಾಕ್ತೇನೆ."

ನಾರ್ಬರ್ಟ್ ಕಿಟಕಿಯ ಹತ್ತಿರ ನಿಂತಿದ್ದ ಮೆಹರುನ್ನಿಸಳ ಕಡೆ ತಿರುಗಿದ. "ನೀವಾದರೂ ಹೇಳಿ ಮೇಡಂ. ನಾಳೆ ನಿಮ್ಮ ರಿಪೋರ್ಟ್ ಹೋಗಬೇಕಲ್ಲ?"

"ಹೋಗ್ತದೆ. ಅದರಲ್ಲಿ ಯಾರ ಹೆಸರಿರ್ತದೆ ಅಂತ ನನಗೇ ಗೊತ್ತಿಲ್ಲ. ನೀವು ಯಾಕೆ ಅವಸರ ಮಾಡ್ತೀರಿ?"

ನಾರ್ಬರ್ಟ್ ಕಾಗದವನ್ನು ಗ್ಲಾಸಿನ ಕೆಳಗೇ ಬಿಟ್ಟು ಹೋದ.

ರಜೆಯ ಒಂದು ಶುಕ್ರವಾರ ಶಾಲೆಯ ಗಣಿತದ ಕೋಣೆ ಸುಟ್ಟು, ಹೊಗೆ ಕುಡಿದ ವಾಚ್‌ಮನ್ ಪ್ರಜ್ಞೆಯಿಲ್ಲದೆ ಆಸ್ಪತ್ರೆ ಸೇರಿ ಎರಡು ವಾರವಾಗಿತ್ತು. ವಿಮೆ ಕಂಪನಿಯ ತನಿಖೆ ಮೆಹರುನ್ನಿಸಳ ಪಾಲಿಗೆ ಬಂದಿತ್ತು. ಕೋಣೆಯ ಬೀಗ ಒಡೆದಿರಲಿಲ್ಲ. ಬೆಂಕಿ ಹುಟ್ಟಿದ್ದು ಬಿಸಿ ಅಂಟಿನ ಗನ್ ಇಡುವ ಮೇಜಿನಿಂದ. ಲಿಯೊನೆಲ್ ಹೇಳಿದ ಪ್ರಕಾರ ಕೀ ಎರಡೇ: ಒಂದು ಅವರದು, ಇನ್ನೊಂದು ಶಾಲೆಯ ಮೇಂಟೆನೆನ್ಸ್ ನೋಡಿಕೊಳ್ಳುವ ಸೆಡ್ರಿಕ್‌ನದು. ಆ ಶುಕ್ರವಾರ ತಾನು ಬನಿಯಾಸಿನ ಈ ಕೋಣೆ ಬಿಟ್ಟು ಹೊರಗೆ ಹೋಗಲೇ ಇಲ್ಲ ಎಂದು ಲಿಯೊನೆಲ್ ಹೇಳಿದ್ದರು. ಸೆಡ್ರಿಕ್ ಮನೆಯಲ್ಲಿ ಮಲಗಿದ್ದೆ ಎಂದಿದ್ದ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು.

ಮೆಹರುನ್ನಿಸ ಚೀಲದಿಂದ ಒಂದು ಪ್ಲಾಸ್ಟಿಕ್ ಲಕೋಟೆ ತೆಗೆದಳು. ಒಳಗೆ ಹಿತ್ತಾಳೆಯ ಬಳೆಯೊಂದರ ತುಂಡು. ಅದಕ್ಕೆ ಗಂಟು ಹಾಕಿದ ಬಿಳಿ ನೂಲು ಒಂದು ಗೇಣಿನಷ್ಟು ಉಳಿದಿತ್ತು.

"ಸುಟ್ಟ ಮಾಡೆಲ್‌ಗಳಲ್ಲಿ ಉಳಿದದ್ದು ಇದೊಂದೇ," ಎಂದಳು.

ಲಿಯೊನೆಲ್ ಅದನ್ನು ಮುಟ್ಟಲಿಲ್ಲ. ಹತ್ತಿರದಿಂದ ನೋಡಿದರು, ಬಹಳ ಹೊತ್ತು. ಎರಡು ಬಳೆಗಳ ನಡುವೆ ನೂಲುಗಳನ್ನು ಬಿಗಿದು, ಬಳೆ ತಿರುಗಿಸಿದರೆ ಕೊಳವೆಯೊಂದು ಸೊಂಟ ಹಿಡಿದುಕೊಂಡಂತೆ ಸಣ್ಣಗಾಗುವ ಮಾಡೆಲ್ ಅದು. ಅಂಥವು ಆ ಕೋಣೆಯ ತುಂಬ ಇದ್ದವು. ಅವರ ಆಯುಷ್ಯದ ಕೆಲಸ.

"ಈ ಗಂಟು ಹಾಕಿದ್ದು ಯಾರು ಸರ್?"

"ಮಕ್ಕಳು."

ಉತ್ತರ ತುಸು ಬೇಗ ಬಂತು. ಮೆಹರುನ್ನಿಸ ಲಕೋಟೆಯನ್ನು ಒಳಗಿಟ್ಟಳು. ಮೂಡಬಿದಿರೆಯಲ್ಲಿ ಅವಳ ಮನೆಯ ಪಕ್ಕದ ಕ್ರಿಶ್ಚಿಯನ್ ಬಾಯಮ್ಮ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದದ್ದು ನೆನಪಾಯಿತು. ಎರಡು ಬೆರಳು ಸುತ್ತಿ, ಒಂದು ಬೆರಳು ಎಳೆದು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಂಥದೇ ಗಂಟು. ಅಬುಧಾಬಿಯಲ್ಲಿ ಹುಟ್ಟಿ ಬೆಳೆದ ಯಾವ ಮಗುವಿಗೆ ಆ ಗಂಟು ಬರುತ್ತದೆ?

ಅವಳು ಕೇಳಲಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳದೆ ಇಟ್ಟುಕೊಂಡರೆ ಅವೇ ಒಂದು ದಿನ ಬಾಯಿ ಬಿಡುತ್ತವೆ.

ಗೋಡೆಯ ಮೇಲೆ ಲಿಯೊನೆಲ್ ಪೆನ್ಸಿಲಿನಲ್ಲಿ ದೊಡ್ಡ ಚಿತ್ರವೊಂದನ್ನು ಬರೆದಿದ್ದರು. ಒಂದು ಮೊಟ್ಟೆಯಾಕಾರದ ಒಳಗೆ ಇನ್ನೊಂದು. ಎರಡರ ನಡುವೆ ಗೆರೆಗಳು.

"ಬಾಡಿಗೆ ಮನೆ ಗೋಡೆ," ಎಂದಳು. "ಮಾಲಿಕ ನೋಡಿದರೆ ಬೊಬ್ಬೆ ಹೊಡೀತಾನೆ."

"ಹೊಡೀಲಿ. ನನ್ನ ಪುಸ್ತಕ ಎಲ್ಲ ಆ ಕೋಣೆಯಲ್ಲೇ ಸುಟ್ಟವು. ನೆನಪಿನಿಂದ ಬರೀತಾ ಇದ್ದೇನೆ." ಅವರು ಎದ್ದು ಗೋಡೆಯ ಹತ್ತಿರ ಹೋದರು. "ಪೊನ್ಸ್‌ಲೆ ಮಾಡಿದ್ದೂ ಅದನ್ನೇ. ನೀವು ಬಿಎಸ್ಸಿಯಲ್ಲಿ ಗಣಿತ ಓದಿದವರಲ್ವಾ, ಹೆಸರು ಕೇಳಿರಬೇಕು."

"ಹೆಸರು ಮಾತ್ರ."

"ನೆಪೋಲಿಯನ್‌ನ ಸೈನ್ಯದ ಎಂಜಿನಿಯರ್. ಸಣ್ಣ ಪ್ರಾಯ. ರಷ್ಯಾದ ಹಿಮದಲ್ಲಿ ಸತ್ತ ಅಂತ ಅವನ ಕಡೆಯವರೇ ಬಿಟ್ಟು ಹೋದರು. ರಷ್ಯನ್ನರು ಹಿಡಿದು, ವೋಲ್ಗಾ ನದಿಯ ದಡದ ಸರಾತೊವ್ ಅಂತ ಊರು, ಅಲ್ಲಿಯವರೆಗೆ ನಡೆಸಿಕೊಂಡು ಹೋದರು. ಸೆರೆ. ಒಂದು ಪುಸ್ತಕ ಇಲ್ಲ. ಕಲಿತದ್ದು ಸುಮಾರು ಮರೆತೇ ಹೋಗಿತ್ತು. ಆ ಮನುಷ್ಯ ಕೂತು ರೇಖಾಗಣಿತವನ್ನು ಮೊದಲಿನಿಂದ ಕಟ್ಟಿದ. ಸಮಾಂತರ ರೇಖೆಗಳು ಕೂಡ ಎಲ್ಲೋ ದೂರದಲ್ಲಿ ಸೇರ್ತವೆ ಅಂತ ಹಿಡಿದುಕೊಂಡು, ಕಣ್ಣಿಗೆ ಕಂಡದ್ದು ಬದಲಾದರೂ ಯಾವುದು ಬದಲಾಗುವುದಿಲ್ಲ ಅಂತ ಹುಡುಕಿದ."

"ಆಮೇಲೆ ದೊಡ್ಡ ಮರ್ಯಾದೆ ಸಿಕ್ಕಿರಬೇಕು."

ಲಿಯೊನೆಲ್ ನಕ್ಕರು. "ಪ್ಯಾರಿಸಿನ ದೊಡ್ಡವರು ನಿನ್ನ ತತ್ವಕ್ಕೆ ಬುಡ ಇಲ್ಲ ಅಂದರು. ಅವನು ಜಗ್ಗಲಿಲ್ಲ. ಮುದುಕ ಆದ ಮೇಲೂ ಹಳೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿ, ಅದೇ ಜಗಳ ಮುಂದುವರಿಸಿದ. ನನಗೆ ಅವನ ಗಣಿತಕ್ಕಿಂತ ಆ ಹಠ ಇಷ್ಟ."

ಅವರು ಪೆನ್ಸಿಲನ್ನು ಹೊರಗಿನ ಮೊಟ್ಟೆಯ ಮೇಲೆ ಒಂದು ಕಡೆ ಇಟ್ಟರು.

"ನೋಡಿ. ಇಲ್ಲಿಂದ ಒಂದು ಗೆರೆ. ಒಳಗಿನದನ್ನು ಬರೇ ತಾಗಿಕೊಂಡು ಹೋಗಬೇಕು, ಒಳಗೆ ನುಗ್ಗಬಾರದು. ಹೊರಗಿನದಕ್ಕೆ ಮುಟ್ಟಿದಲ್ಲಿಂದ ಇನ್ನೊಂದು. ಹೀಗೇ ಹೋಗ್ತಾ ಹೋಗ್ತಾ ಶುರು ಮಾಡಿದಲ್ಲಿಗೇ ಬಂದು ಸೇರಿದಿರಿ ಅಂತ ಇಟ್ಟುಕೊಳ್ಳಿ. ಆಗ ಪೊನ್ಸ್‌ಲೆ ಹೇಳ್ತಾನೆ: ನೀನು ಬೇರೆ ಎಲ್ಲಿಂದ ಶುರು ಮಾಡಿದರೂ ಸುತ್ತು ಕೂಡ್ತದೆ. ಒಂದು ಕಡೆಯಿಂದ ಕೂಡದೇ ಹೋದರೆ, ಎಲ್ಲಿಂದಲೂ ಕೂಡುವುದಿಲ್ಲ."

ಮೆಹರುನ್ನಿಸ ಆ ಚಿತ್ರವನ್ನೇ ನೋಡುತ್ತ ನಿಂತಳು. ಸೆಡ್ರಿಕ್ ತನ್ನ ಶುಕ್ರವಾರವನ್ನು ಅವಳಿಗೆ ಮೂರು ಸಲ ಹೇಳಿದ್ದ. ಮೂರೂ ಸಲ ಬೆಳಗಿನಿಂದಲೇ ಶುರು ಮಾಡಿದ್ದ. ಮೂರೂ ಸಲ ಚೆಂದವಾಗಿ ಕೂಡಿತ್ತು.

"ಸರ್, ಇದು ಮನುಷ್ಯರಿಗೂ ಆಗ್ತದಾ?"

"ಇಲ್ಲ," ಎಂದರು ಲಿಯೊನೆಲ್. "ಗಣಿತವನ್ನು ಮನುಷ್ಯರ ಮೇಲೆ ಹಾಕಬೇಡಿ. ಯಾರಾದರೂ ಒಬ್ಬರಿಗೆ ಪೆಟ್ಟಾಗ್ತದೆ."

ಅವಳು ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

* * *

ಖಲೀಫಾ ಸಿಟಿಯ ಒಂದು ವಿಲ್ಲಾವನ್ನು ನಾಲ್ಕು ಮನೆಗಳಾಗಿ ಒಡೆದಿದ್ದರು. ಸೆಡ್ರಿಕ್‌ನದು ಮೇಲಿನದು. ಶನಿವಾರದ ಮಧ್ಯಾಹ್ನ, ಮೆಟ್ಟಿಲ ಮೇಲೆಲ್ಲ ಮೀನು ಹುರಿದ ವಾಸನೆ.

ಬಾಗಿಲು ತೆರೆದದ್ದು ಅವನ ಎಂಟು ವರ್ಷದ ಮಗಳು ಆನ್ ಮರಿಯಾ. ಎಡಗೈಯಲ್ಲಿ ಚಿಲಕ ಹಿಡಿದಿದ್ದಳು. ಬಲಗೈ ಬೆನ್ನ ಹಿಂದಿತ್ತು.

"ಡ್ಯಾಡಾ, ಫೈರ್ ಆಂಟಿ ಈಸ್ ಹಿಯರ್," ಎಂದು ಕೂಗಿ ಒಳಗೆ ಓಡಿದಳು.

ಸೆಡ್ರಿಕ್ ಬಂದ. ಬನಿಯನ್ನಿನ ಮೇಲೆ ಅಂಗಿ ತೊಟ್ಟುಕೊಳ್ಳುತ್ತಲೇ ನಗಲು ನೋಡಿದ. "ಪುನಃ ಬಂದಿರಾ ಮೇಡಂ? ನನ್ನ ಕತೆ ನಿಮಗೆ ಬಾಯಿಪಾಠ ಆಗಿರಬೇಕು. ನತಾಶಾ, ಒಂದು ಲೈಮ್ ಜ್ಯೂಸ್ ಮಾಡು ಮಾರಾಯ್ತಿ."

ಅಡುಗೆಮನೆಯಿಂದ ಕಾವಲಿಯ ಮೇಲೆ ಸಟ್ಟುಗ ಆಡುವ ಸದ್ದು ಮಾತ್ರ ಬಂತು. ಹಿಂದಿನ ಭೇಟಿಗಳಲ್ಲೂ ಅವನ ಹೆಂಡತಿ ಹಾಗೆಯೇ. ಜ್ಯೂಸ್ ತಂದಿಟ್ಟು, ತಲೆಯಾಡಿಸಿ, ಒಳಗೆ ಹೋಗುವವಳು.

"ಇವತ್ತು ನಾನು ಕೇಳಿದ ಹಾಗೆ ಹೇಳಬೇಕು," ಎಂದು ಮೆಹರುನ್ನಿಸ ಸೋಫಾದ ಅಂಚಿನಲ್ಲಿ ಕೂತಳು. "ಬೆಳಗ್ಗಿನಿಂದ ಬೇಡ. ಬೆಂಕಿ ಬಿತ್ತು ಅಂತ ಶಾಲೆಯಿಂದ ಫೋನ್ ಬಂತಲ್ಲ, ಅಲ್ಲಿಂದ ಹಿಂದೆ ಹೋಗುವ."

"ಹಿಂದೆಯಾ? ಎಂತಕ್ಕೆ?"

"ನಿಜ ಆದರೆ ಎಂತ ವ್ಯತ್ಯಾಸ?"

ಅವನು ಭುಜ ಕುಣಿಸಿದ. "ಸರಿ. ಯಲ್ಲಾ, ಶುರು ಮಾಡಿ. ಕೇಳಿ."

"ಫೋನ್ ಬಂದಾಗ ಎಲ್ಲಿದ್ದಿರಿ?"

"ಮಂಚದಲ್ಲಿ. ಒಳ್ಳೆ ನಿದ್ದೆ."

"ಯಾವ ಕೋಣೆ?"

"ಇದೇ ಎದುರಿನದ್ದು. ಕರ್ಟನ್ ಹಾಕಿತ್ತು. ಏಸಿ ಜೋರಿತ್ತು, ಹೊದಿಕೆ ಎಳ್ಕೊಂಡಿದ್ದೆ."

"ಅಷ್ಟು ನಿದ್ದೆ ಹೇಗೆ ಬಂತು?"

"ಊಟ ಹೆಚ್ಚಾಗಿತ್ತು ಮಾರಾಯ್ರೆ." ಈಗ ಅವನು ನೆನಪಿನೊಳಗೆ ಇಳಿದಿದ್ದ, ಮುಖ ಸಡಿಲವಾಗಿತ್ತು. "ಕೆಳಗಿನ ಮನೆಯ ನೌಶಾದ್ ಇದ್ದಾನಲ್ಲ, ನಿಮ್ಮವನೇ, ಬ್ಯಾರಿ. ಅವನ ಹೆಂಡತಿ ದೊಡ್ಡ ಪಾತ್ರೆಯಲ್ಲಿ ಬಿರಿಯಾನಿ ಕಳಿಸಿದ್ದಳು. ಮಟನ್. ಬಿಸಿ ಬಿಸಿ, ಮುಚ್ಚಳ ತೆಗೆದರೆ ಹೊಗೆ. ನಾನು ಎರಡು ಸಲ ಹಾಕ್ಕೊಂಡೆ. ಅದರ ಮೇಲೆ ಯಾರಿಗೆ ನಿದ್ದೆ ಬರುವುದಿಲ್ಲ ಹೇಳಿ?"

ಮೆಹರುನ್ನಿಸ ತಲೆಯಾಡಿಸಿದಳು. "ಊಟಕ್ಕೆ ಮುಂಚೆ?"

"ಊಟಕ್ಕೆ ಮುಂಚೆ ಚರ್ಚಿನಿಂದ ಬಂದದ್ದು. ತೆನೆ ತಂದು ಮನೆಯ ಆಲ್ತಾರಿನ ಹತ್ತಿರ ಇಟ್ಟು..."

ಅವನ ಮಾತು ಅಲ್ಲಿಗೇ ನಿಂತಿತು.

ಅಡುಗೆಮನೆಯಲ್ಲಿ ಸಟ್ಟುಗವೂ ನಿಂತಿತು.

ಏಸಿಯ ಗುಂಯ್ ಎಂಬ ಸದ್ದು ಇದ್ದಕ್ಕಿದ್ದಂತೆ ದೊಡ್ಡದಾಯಿತು. ಸೆಡ್ರಿಕ್ ಮೂಗಿನ ತುದಿಯ ಬೆವರು ಒರೆಸಿಕೊಂಡ.

"ಹೇಳಿ," ಎಂದಳು ಮೆಹರುನ್ನಿಸ. "ತೆನೆ ತಂದು ಆಲ್ತಾರಿನ ಹತ್ತಿರ ಇಟ್ಟಿರಿ. ಆ ಶುಕ್ರವಾರ ಮೊಂತಿ ಫೆಸ್ತ್. ಮೇರಿಯಮ್ಮನ ಹಬ್ಬ, ಹೊಸ ತೆನೆಯ ಹಬ್ಬ."

"ಹೌದು."

"ನಾನು ಮೂಡಬಿದಿರೆಯವಳು. ಪಕ್ಕದ ಮನೆ ನಿಮ್ಮವರದ್ದೇ. ಮೀನಿಲ್ಲದೆ ಒಂದು ತುತ್ತು ಇಳಿಯದ ಮನೆ. ಆ ಒಂದು ಹಬ್ಬಕ್ಕೆ ಮಾತ್ರ ಹೊಸ ಅಕ್ಕಿ, ತರಕಾರಿ, ಪಾಯಸ, ಬಾಳೆಲೆ. ಬೇಲಿಯ ಮೇಲಿಂದ ನನಗೂ ಒಂದು ಎಲೆ ಬರ್ತಿತ್ತು. ಮೀನಿನ ಚಟ್ಟಿಯನ್ನು ಬಾಯಮ್ಮ ಹಿಂದಿನ ದಿನವೇ ತೊಳೆದು ಕವುಚಿ ಹಾಕ್ತಿದ್ದರು. ತೆನೆ ತಂದ ಮನೆಯಲ್ಲಿ, ಅದೇ ಮಧ್ಯಾಹ್ನ, ಮಟನ್ ಬಿರಿಯಾನಿ ಎರಡು ಸಲ?"

"ಗಲ್ಫಿನಲ್ಲಿ ಅದೆಲ್ಲ ಯಾರು ನೋಡ್ತಾರೆ ಮೇಡಂ."

"ನೀವು ನೋಡ್ತೀರಿ. ಊರಿನಿಂದ ವಿಮಾನದಲ್ಲಿ ಬಂದ ತೆನೆಗೆ ಕ್ಯೂ ನಿಂತವರು ನೀವು. ಹೋದ ಸಲ ನೀವೇ ಹೇಳಿದ್ದು." ಅವಳು ಸ್ವಲ್ಪ ಮುಂದೆ ಬಾಗಿದಳು. "ಬಿರಿಯಾನಿ ಬಂದದ್ದು ನಿಜ. ನೀವು ತಿಂದು ಮಲಗಿದ್ದೂ ನಿಜ. ಆದರೆ ಅದು ಅದರ ಹಿಂದಿನ ಶುಕ್ರವಾರ. ಬಕ್ರೀದ್. ನಮ್ಮ ಮನೆಯಲ್ಲೂ ಅದೇ ಬಿರಿಯಾನಿ. ನೀವು ಹಿಂದಿನ ವಾರದ ನಿದ್ದೆಯನ್ನು ತಂದು ಈ ವಾರಕ್ಕೆ ಅಂಟಿಸಿದ್ದೀರಿ. ಬೆಳಗ್ಗಿನಿಂದ ಹೇಳಿದರೆ ಗೊತ್ತಾಗುವುದಿಲ್ಲ. ನಿದ್ದೆಯನ್ನು ಹಿಡಿದು ಎಳೆದರೆ ಅದರ ಜೊತೆಗೆ ಅದರ ಊಟವೂ ಬರ್ತದೆ."

ಸೆಡ್ರಿಕ್ ಎದ್ದು ನಿಂತ. "ನೀವು ಪೊಲೀಸ್ ಅಲ್ಲ."

"ಅಲ್ಲ."

"ಮತ್ತೆ ನನ್ನ ಮನೆಯಲ್ಲಿ ಕೂತು ನಾನು ತಿಂದದ್ದರ ಲೆಕ್ಕ ಕೇಳ್ಲಿಕ್ಕೆ ನಿಮಗೆ ಎಂತ ಹಕ್ಕು? ಬರೀರಿ ನಿಮ್ಮ ರಿಪೋರ್ಟು. ಸೆಡ್ರಿಕ್ ಸುಳ್ಳ ಅಂತ ಬರೀರಿ. ಬೆಂಕಿ ನಾನು ಹಚ್ಚಲಿಲ್ಲ. ಯಾರು ಬಂದು ಕೇಳಿದರೂ ಅಷ್ಟೇ ಹೇಳ್ತೇನೆ, ಇದಕ್ಕಿಂತ ಒಂದು ಅಕ್ಷರ ಜಾಸ್ತಿ ಹೇಳುವುದಿಲ್ಲ."

"ನೀವು ಹೇಳದಿದ್ದರೆ ಲಿಯೊನೆಲ್ ಸರ್ ಒಳಗೆ ಹೋಗ್ತಾರೆ. ವಾಚ್‌ಮನ್‌ಗೆ ಏನಾದರೂ ಆದರೆ ಹೊರಗೆ ಬರುವುದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ."

"ಅದು ಅವರ ಹಣೆಬರಹ."

"ಸೆಡ್ರಿಕ್," ಎಂದಿತು ಬಾಗಿಲ ಹತ್ತಿರದ ಧ್ವನಿ. "ಸಾಕು."

ಮೆಹರುನ್ನಿಸ ನತಾಶಾಳ ಧ್ವನಿಯನ್ನು ಕೇಳಿದ್ದು ಅದೇ ಮೊದಲು. ಅಡುಗೆಯ ಬಟ್ಟೆಗೆ ಕೈ ಒರೆಸುತ್ತ ಅವಳು ಬಂದಳು. ಗಂಡನ ಮುಖ ನೋಡಲಿಲ್ಲ. ಟೀಪಾಯಿಯ ಮೇಲೆ ಒಂದು ಕೀ ಇಟ್ಟಳು.

ಕೀಯ ತೂತಿನಲ್ಲಿ ಬಿಳಿ ನೂಲಿತ್ತು. ನೂಲಿನಲ್ಲಿ ಮಲ್ಲಿಗೆಯ ಗಂಟು.

"ನಾನು ಶಂಕರಪುರದವಳು ಮೇಡಂ," ಎಂದಳು. "ಮಲ್ಲಿಗೆ ಕಟ್ಟಿಯೇ ನಮ್ಮ ಅಮ್ಮ ನಮ್ಮನ್ನು ಓದಿಸಿದ್ದು. ಸರ್‌ನ ಮಾಡೆಲ್‌ಗಳಿಗೆ ನೂಲು ಕಟ್ಟಿದ್ದು ನಾನು. ಮಕ್ಕಳಲ್ಲ. ರಜೆಯ ದಿನ ಹೋಗ್ತಿದ್ದೆ. ಸರ್ ಕೊಟ್ಟ ಕೀ ಇದು."

"ನತಾಶಾ," ಎಂದ ಸೆಡ್ರಿಕ್. ಬೈಗುಳವಲ್ಲ ಅದು, ಬೇಡಿಕೆ.

"ಇವರಿಗೆ ಗೊತ್ತಿರಲಿಲ್ಲ. ಆ ದಿನ ಊಟ ಆದ ಮೇಲೆ ನೋಡಿದರೆ ನಾನಿಲ್ಲ. ಹುಡುಕಿಕೊಂಡು ಶಾಲೆಗೆ ಬಂದರು. ಅದಕ್ಕೇ ಸುಳ್ಳು ಹೇಳಿದ್ದು. ನನ್ನ ಹೆಸರು ಬರಬಾರದು ಅಂತ."

"ನಾನು ಬಾಗಿಲು ತೆಗೆಯುವಾಗ ಒಳಗೆಲ್ಲ ಹೊಗೆ," ಎಂದ ಸೆಡ್ರಿಕ್ ನೆಲ ನೋಡುತ್ತ. "ವಾಚ್‌ಮನ್ ನನ್ನನ್ನು ದೂಡಿ ಒಳಗೆ ನುಗ್ಗಿದ. ನಾನು ಹೆದರಿ ಓಡಿದೆ. ಒಳಗೆ ಬೇರೆ ಯಾರೂ ಇರಲಿಲ್ಲ."

"ನೀವು ಯಾವಾಗ ಹೊರಟಿರಿ ನತಾಶಾ?"

"ಇವರು ಬರುವ ಸ್ವಲ್ಪ ಮುಂಚೆ. ಹಿಂದಿನ ಗೇಟಿನಿಂದ. ಆಗ ಬೆಂಕಿ ಇರಲಿಲ್ಲ." ಅವಳ ಕಣ್ಣು ಮೆಹರುನ್ನಿಸಳ ಕಣ್ಣಿನಲ್ಲಿಯೇ ನಿಂತಿತ್ತು, ಸವಾಲು ಹಾಕಿದ ಹಾಗೆ. "ಲಿಯೊನೆಲ್ ಸರ್ ಒಳಗಿದ್ದರು."

ಮೆಹರುನ್ನಿಸ ಕೀಯನ್ನು ಎತ್ತಿಕೊಂಡಳು. ಅದು ತಣ್ಣಗಿತ್ತು.

ಅವಳು ಮೆಟ್ಟಿಲಿಳಿಯುವಾಗ ಮೇಲಿನ ಬಾಗಿಲ ಸಂದಿನಿಂದ ಒಂದು ಪುಟ್ಟ ಮುಖ ನೋಡುತ್ತಿತ್ತು. ಕೈ ಈಗಲೂ ಬೆನ್ನ ಹಿಂದೆ.

* * *

ಬನಿಯಾಸಿಗೆ ವಾಪಸಾಗುವ ದಾರಿಯುದ್ದಕ್ಕೂ ಅವಳು ರೇಡಿಯೊ ಹಾಕಲಿಲ್ಲ. ರಸ್ತೆಯ ಎರಡು ಅಂಚುಗಳು ಬಿಸಿಲಿನಲ್ಲಿ ದೂರದಲ್ಲೆಲ್ಲೋ ಸೇರಿದಂತೆ ಕಂಡು, ಹತ್ತಿರ ಹೋದಂತೆ ಬಿಟ್ಟುಕೊಳ್ಳುತ್ತಿದ್ದವು.

ಲಿಯೊನೆಲ್ ಸುಳ್ಳು ಹೇಳಿದ್ದರು. ಕೀ ಎರಡೇ ಎಂದಿದ್ದರು, ಮೂರಿದ್ದವು. ಗಂಟು ಮಕ್ಕಳದೆಂದಿದ್ದರು, ಅಲ್ಲ. ಕೋಣೆ ಬಿಟ್ಟಿಲ್ಲ ಎಂದಿದ್ದರು, ಬಿಟ್ಟಿದ್ದರು. ಅವಳು ಅವರ ಶುಕ್ರವಾರವನ್ನು ಒಂದು ದಿನವೂ ತಿರುಗಿಸಿ ಕೇಳಿರಲಿಲ್ಲ. ಬಗ್ಗದ ಮನುಷ್ಯ ಸುಳ್ಳು ಹೇಳಲಾರ ಎಂದು ತಾನೇ ಹಿಡಿದುಕೊಂಡಿದ್ದಳು.

ಬಾಗಿಲು ತೆರೆದೇ ಇತ್ತು. ಲಿಯೊನೆಲ್ ಗೋಡೆಯ ಚಿತ್ರಕ್ಕೆ ಇನ್ನೊಂದು ಗೆರೆ ಸೇರಿಸುತ್ತಿದ್ದರು. ನಾರ್ಬರ್ಟ್ ಬಿಟ್ಟುಹೋದ ಕಾಗದ ಗ್ಲಾಸಿನ ಕೆಳಗೆ ಹಾಗೆಯೇ ಇತ್ತು.

"ಸೆಡ್ರಿಕ್‌ನ ಸುತ್ತು ಕೂಡಲಿಲ್ಲ ಸರ್."

"ಹೌದಾ." ಅವರು ತಿರುಗಲಿಲ್ಲ. "ಮತ್ತೆ ನನ್ನನ್ನು ಬಿಡ್ತಾರೆ ಅಂತಾಯಿತು."

"ಇಲ್ಲ. ನತಾಶಾ ಮಾತಾಡಿದರು."

ಪೆನ್ಸಿಲು ನಿಂತಿತು.

ಅವಳು ಕೀಯನ್ನು ಮೇಜಿನ ಮೇಲಿಟ್ಟಳು. "ಇನ್ನು ನಿಮ್ಮ ಸರದಿ. ಬೆಳಗ್ಗಿನಿಂದ ಬೇಡ. ಕೊನೆಯಿಂದ ಹೇಳಿ. ಈ ಕೋಣೆಗೆ ವಾಪಸ್ ಬಂದಾಗ ನಿಮ್ಮ ಬಟ್ಟೆಯಲ್ಲಿ ಹೊಗೆಯ ವಾಸನೆ ಇತ್ತಾ?"

ಅವರು ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತರು. ಆಡಳಿತ ಮಂಡಳಿಯ ಎದುರು ತಲೆ ತಗ್ಗಿಸದಿದ್ದವರು, ಪೊಲೀಸ್ ಠಾಣೆಯಲ್ಲಿ ತಪ್ಪು ಅನುವಾದ ಮಾಡಿದವನನ್ನು ತಿದ್ದಿ ಮತ್ತೆ ಬರೆಸಿದವರು. ಈಗ ಆ ನೂಲಿನ ಗಂಟನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು.

ಹೊರಗೆ ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಶುರುವಾಗಿ, ಮುಗಿಯಿತು.

"ಆ ಮಗುವಿನ ಹತ್ತಿರ ಮಾತಾಡಿದಿರಾ?" ಎಂದರು.

ಮೆಹರುನ್ನಿಸಳ ಕೈ ಚೀಲದ ಮೇಲೆಯೇ ಉಳಿಯಿತು.

"ಯಾವ ಮಗು ಸರ್? ನಾನು ಯಾವ ಮಗುವಿನ ಸುದ್ದಿಯನ್ನೂ ತೆಗೆಯಲಿಲ್ಲ."

ಅವರು ಕಣ್ಣು ಮುಚ್ಚಿಕೊಂಡರು. ಬಾಯಿ ತಪ್ಪಿದ್ದು ತಿಳಿದವರ ಹಾಗೆ.

ಅವಳು ಗೋಡೆಯ ಕಡೆ ನೋಡಿದಳು. ಎಲ್ಲ ಗೆರೆಗಳೂ ಒಳಗಿನ ಆ ಮೊಟ್ಟೆಯನ್ನು ತಾಗಿಕೊಂಡು ಹೋಗಿದ್ದವು. ಒಂದೂ ಒಳಗೆ ನುಗ್ಗಿರಲಿಲ್ಲ. ಸೆಡ್ರಿಕ್‌ನ ಸುಳ್ಳು, ನತಾಶಾಳ ಅರ್ಧ ನಿಜ, ಈ ಮನುಷ್ಯನ ಹಠ. ಮೂರೂ ಒಂದರ ಅಂಚನ್ನೇ ಸವರಿ ಆಚೆ ಹೋಗಿದ್ದವು. ಮೂವರೂ ಅದರ ಹೆಸರು ಹೇಳಿರಲಿಲ್ಲ. ಬೆನ್ನ ಹಿಂದೆ ಅಡಗಿದ್ದ ಒಂದು ಪುಟ್ಟ ಬಲಗೈ.

"ಸರ್," ಎಂದಳು ಮೆಲ್ಲಗೆ. "ಆ ಕೈಗೆ ಎಂತ ಆಗಿದೆ? ಅಂಟಿನ ಗನ್ ಹಿಡಿದದ್ದು ಅದಾ?"

ಲಿಯೊನೆಲ್ ಚಹಾದ ಗ್ಲಾಸನ್ನು ಎತ್ತಿ ಪಕ್ಕಕ್ಕಿಟ್ಟರು. ಸಹಿಯ ಜಾಗದ ಮೇಲೆ ಕಂದು ಬಣ್ಣದ ಉಂಗುರ ಒಣಗಿತ್ತು. ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡರು.

"ಪೆನ್ ಕೊಡಿ."

"ಬೆಳಗ್ಗೆ, ಸಾಯುವವರೆಗೂ ಸಹಿ ಹಾಕುವುದಿಲ್ಲ ಅನ್ನುವ ಹಾಗಿದ್ದಿರಿ."

"ಬೆಳಗ್ಗೆ ಅದು ನನ್ನ ಮರ್ಯಾದೆಯ ಪ್ರಶ್ನೆ. ಅದಕ್ಕೆ ಹಾಕಲಿಲ್ಲ. ಈಗ ಅದಲ್ಲ." ಅವರ ಧ್ವನಿ ಮತ್ತೆ ಹಿಂದಿನ ಬೆಂಚಿಗೆ ಕೇಳುವಂತಾಗಿತ್ತು. "ಬೆಂಕಿ ನನ್ನ ಬೇಜವಾಬ್ದಾರಿಯಿಂದ ಆದದ್ದು. ಹಾಗಂತ ಬರೆಯಿರಿ. ನಾಳೆ ಕಳಿಸಿ. ಇದರ ಆಚೆ ನೀವು ಕೇಳುವ ಒಂದು ಪ್ರಶ್ನೆಗೂ ನಾನು ಉತ್ತರ ಕೊಡುವುದಿಲ್ಲ, ಯಾವ ಕೋರ್ಟಿನಲ್ಲೂ. ಪೆನ್."

ಅವಳ ಅಂಗಿಯ ಕಿಸೆಯಲ್ಲಿ ಪೆನ್ನಿತ್ತು. ಇಬ್ಬರಿಗೂ ಕಾಣುತ್ತಿತ್ತು.

ಮೆಹರುನ್ನಿಸ ಅದನ್ನು ತೆಗೆದಳು. ಚೀಲದೊಳಗೆ ಹಾಕಿದಳು. ಜಿಪ್ ಎಳೆದಳು.

"ಪೆನ್ ಇಲ್ಲ ಸರ್. ಪೆನ್ ಮಾಫಿ," ಎಂದಳು.